ಹದಿನಾಲ್ಕರವರೆಗೆ ಅಳು

ಅಕ್ಕ ನಲವತ್ತೊಂದು ಸಿನಿಮಾಗಳಲ್ಲಿ ನಟಿಸಿದ್ದಾಳೆ. ಇಪ್ಪತ್ತೇಳರಲ್ಲಿ ಪ್ರೇಮಿಸಿದ್ದಾಳೆ, ಹನ್ನೆರಡರಲ್ಲಿ ಸತ್ತಿದ್ದಾಳೆ, ಅಳದೆ ಬಿಟ್ಟದ್ದಂತೂ ಒಂದೂ ಇಲ್ಲ. ಆದರೆ ಒಂದರಲ್ಲೂ ತನ್ನ ದನಿಯಲ್ಲಿ ಒಂದು ಮಾತು ಆಡಿದವಳಲ್ಲ. ಪರದೆಯ ಮೇಲೆ ಅವಳ ಮುಖ ಬಂದಾಗೆಲ್ಲ ಜನ ಕೇಳಿದ್ದು ತಂಗಿಯ ದನಿ. ಜೊತೆ ಕೆಲಸ ಮಾಡಿದ ನಾಲ್ಕಾರು ಜನರನ್ನು ಬಿಟ್ಟು ಯಾರಿಗೂ ತಿಳಿಯದಂತೆ ಈ ಗುಟ್ಟನ್ನು ಐವತ್ತಾರು ವರ್ಷ ಕಾಪಾಡಿಕೊಂಡು ಬಂದೆವು ಎಂದು ಅಕ್ಕತಂಗಿ ಇಬ್ಬರೂ ಅಂದುಕೊಂಡಿದ್ದರು. ಪಾಪ, ಅಂದುಕೊಳ್ಳಲಿ ಬಿಡಿ.

ಅಕ್ಕನ ದನಿ ಹುಟ್ಟಿದಾಗಿನಿಂದ ಹಾಗೇ. ದಪ್ಪ, ಒರಟು, ನಡುನಡುವೆ ಸೀಳು. ಮುಖ ನೋಡಿದರೆ ಕಣ್ಣು ಕೀಳಲಾಗದು. ಬಾಯಿ ತೆರೆದಳೋ, ಯಾರೋ ಲಾರಿಯಿಂದ ಮೂಟೆ ಇಳಿಸಲು ಆಳು ಕರೆದಂತೆ. ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಸಿನಿಮಾದ ಪರೀಕ್ಷೆಗೆ ಹೋದಾಗ ನಿರ್ಮಾಪಕರು ಅವಳ ಮುಖ ನೋಡಿ ಎದ್ದು ನಿಂತರು, ದನಿ ಕೇಳಿ ಕೂತುಬಿಟ್ಟರು. ಜೊತೆಯಲ್ಲಿ ಚೀಲ ಹಿಡಿದುಕೊಂಡು ಹೋಗಿದ್ದ ಹದಿನಾಲ್ಕರ ತಂಗಿಗೆ ಅಕ್ಕನ ಪೀಕಲಾಟ ನೋಡಲಾಗಲಿಲ್ಲ. "ಇಷ್ಟು ಸುಲಭದ ಮಾತಿಗೆ ಯಾಕೆ ಒದ್ದಾಡ್ತೀಯೇ, ಹೀಗೆ ಹೇಳು" ಎಂದು ಮೂಲೆಯಿಂದಲೇ ಆ ಸಾಲನ್ನು ಹೇಳಿ ತೋರಿಸಿದಳು. ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವತ್ತೇ ತೀರ್ಮಾನವಾಯಿತು, ಮುಖ ದೊಡ್ಡವಳದು, ದನಿ ಚಿಕ್ಕವಳದು. ಹೆಸರು ಮಾತ್ರ ದೊಡ್ಡವಳದೊಂದೇ ಬರುವುದು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಕ್ಕ ಮೂರನೆಯ ತರಗತಿಗೇ ಶಾಲೆಗೆ ಬೆನ್ನು ತಿರುಗಿಸಿದವಳು. ಆಗಿನ ಸಂಭಾಷಣೆಕಾರರೋ, ನಾಯಕಿ ಒಂದು ಲೋಟ ನೀರು ಕೇಳಬೇಕಾದರೂ ಅರ್ಧ ಪುಟ ಬರೆಯುವ ಪೈಕಿ. ಅಕ್ಕ ಎರಡು ಪದ ಹೇಳಿ ಮೂರನೆಯದಕ್ಕೆ ಎಡವುತ್ತಿದ್ದಳು, ಎಡವಿದ ಕೂಡಲೇ ಮುಖ ಸಪ್ಪೆಯಾಗುತ್ತಿತ್ತು. ನಿರ್ದೇಶಕರು ಮೂರು ದಿನ ಸಹಿಸಿಕೊಂಡು ನಾಲ್ಕನೆಯ ದಿನ ಕೈಮುಗಿದರು. "ಹೇಗೂ ದನಿ ಆಮೇಲೆ ಕೂಡಿಸೋದು. ಮಾತು ಬೇಡವೇ ಬೇಡ ತಾಯಿ, ಎಣಿಸು. ಒಂದರಿಂದ ಶುರು ಮಾಡಿ ಹದಿನಾಲ್ಕರವರೆಗೆ ಅಳು, ಸಾಕು."

ಅಕ್ಕ ಹದಿನಾಲ್ಕರವರೆಗೆ ಅತ್ತಳು. ಆರಕ್ಕೆ ತುಟಿ ನಡುಗಿತು, ಏಳಕ್ಕೆ ಮೊದಲ ಹನಿ ಬಿತ್ತು, ಹನ್ನೊಂದಕ್ಕೆ ಬರುವಷ್ಟರಲ್ಲಿ ಏಣಿಯ ಮೇಲೆ ದೀಪ ಹಿಡಿದು ನಿಂತಿದ್ದವನು ತೋಳಿನಲ್ಲಿ ಮೂಗು ಒರೆಸಿಕೊಂಡ. ಯಾರೋ ಎದೆ ಬಿರಿಯುವಂತೆ "ಹದಿಮೂರು" ಎನ್ನುವುದನ್ನು ಆ ಸ್ಟುಡಿಯೋ ಅದುವರೆಗೆ ಕೇಳಿರಲಿಲ್ಲ.

ಆಮೇಲಿನ ಫಜೀತಿಯೆಲ್ಲ ತಂಗಿಯದು. ಗೋಡೆಗೆ ಕಂಬಳಿ ಹೊಡೆದ ಕತ್ತಲೆ ಕೋಣೆಯಲ್ಲಿ ಅದೇ ಅರ್ಧ ನಿಮಿಷದ ತುಂಡನ್ನು ತಿರುತಿರುಗಿ ಓಡಿಸುತ್ತಿದ್ದರು. ಅಕ್ಕನ ತುಟಿ ಎಣಿಸುತ್ತಿದೆ, ತಂಗಿ ಆ ತುಟಿಗೆ ಮಾತು ಹೊಂದಿಸಬೇಕು. ಮೂರಕ್ಕೂ ಒಂಬತ್ತಕ್ಕೂ ಹದಿಮೂರಕ್ಕೂ ತುಟಿ ಕೂಡುತ್ತದೆ, ಅಲ್ಲಿ ತುಟಿ ಕೂಡುವ ಪದವೇ ಬರಬೇಕು. ಪೆನ್ಸಿಲ್ ಕಚ್ಚಿಕೊಂಡು ತಂಗಿ ಸಂಭಾಷಣೆಯನ್ನೇ ಕತ್ತರಿಸಿ, ಹಿಗ್ಗಿಸಿ, ಪದ ಬದಲಾಯಿಸಿ ಕೂರಿಸುತ್ತಿದ್ದಳು. ಬರೆದವರಿಗೆ ಮೈಯೆಲ್ಲ ಉರಿ. "ಆ ಹೆಂಗಸಿನ ಸಿನಿಮಾ ಅಂದ್ರೆ ಮೂರನೇ ಪದಕ್ಕೆ ಮಗುನೋ ಮಾವನೋ ಬಂದೇ ಬರ್ಬೇಕು, ನಾವು ಬರೆಯೋದು ಯಾವ ಕರ್ಮಕ್ಕೆ" ಎಂದು ಗೊಣಗುತ್ತಿದ್ದರು. ವಿಮರ್ಶಕರೊಬ್ಬರು ಮಾತ್ರ ಈ ನಟಿಯ ಮಾತುಗಳಲ್ಲಿ ಪದೇ ಪದೇ ಮಗು ಬರುವುದರ ಬಗ್ಗೆ ಎರಡು ಅಂಕಣ ಬರೆದು, ಅದು ಅವಳ ಅಂತರಾಳದ ತಾಯ್ತನ ಎಂದರು. ಅದನ್ನು ಓದಿ ಅಕ್ಕತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಸ್ಟುಡಿಯೋದಾಚೆಗೂ ದನಿಯ ಕೆಲಸ ತಂಗಿಯದೇ. ಮನೆಗೆ ಫೋನು ಬಂದರೆ ಅವಳೇ ಎತ್ತಿ ಅಕ್ಕನಾಗಿ ಮಾತಾಡಬೇಕು. ಸಮಾರಂಭಗಳಲ್ಲಿ ಅಕ್ಕ ಕೈಬೀಸಿ ನಕ್ಕು ಸುಮ್ಮನೆ ಕೂರುತ್ತಿದ್ದಳು. ಪತ್ರಿಕೆಯವರು ಅದಕ್ಕೆ ಮಿತಭಾಷಿ ಎಂದು ಬಿರುದು ಕೊಟ್ಟರು. ಮನೆಯಲ್ಲಿ ಅವಳ ಬಾಯಿ ಕೇಳಿದ್ದರೆ ಆ ಬಿರುದನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು.

ಭಾವ ಗಂಟುಬಿದ್ದದ್ದೂ ಫೋನಿನಲ್ಲೇ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ನಾಲ್ಕು ತಿಂಗಳು ದಿನಾ ಫೋನು ಮಾಡಿ ತಂಗಿಯ ಜೊತೆ, ಅಕ್ಕ ಎಂದುಕೊಂಡು, ಲೋಕಾಭಿರಾಮ ಮಾತಾಡಿದರು. ಕೊನೆಗೊಂದು ದಿನ ಅಕ್ಕನೇ ಅಂಗಡಿಗೆ ಹೋಗಿ ಎದುರು ನಿಂತು "ನಾನೇ" ಎಂದಳು. ಮಾತಾಡಿದ್ದು ಯಾರು ಎಂದು ಭಾವ ಅವಳ ಬೆನ್ನ ಹಿಂದೆ ಹಣಕಿ ನೋಡಿದರು. ಆಮೇಲೆ ಕೂತುಕೊಂಡು ನಕ್ಕರು. "ಈ ದನೀಲಿ ಸುಳ್ಳು ಹೇಳೋಕ್ಕಾಗಲ್ಲ, ಇದೇ ಒಳ್ಳೇದು" ಎಂದು ಅವಳನ್ನೇ ಮದುವೆಯಾಗಿ ಹದಿನೆಂಟು ವರ್ಷ ಚೆನ್ನಾಗಿ ಬಾಳಿ ಹೋದರು. ತಂಗಿ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ "ಪುರುಸೊತ್ತು ಎಲ್ಲಿತ್ತು, ಸಿನಿಮಾಕ್ಕೊಂದು ಮದುವೆ ಆಗ್ತಾನೇ ಇದ್ನಲ್ಲ" ಎನ್ನುತ್ತಾಳೆ. ಭಾವನ ಕಥೆಯನ್ನೂ ನಗುತ್ತಲೇ ಹೇಳುತ್ತಾಳೆ. ನಾವೂ ನಕ್ಕು ಸುಮ್ಮನಾಗಬೇಕು, ಕೆದಕಬಾರದು.

ಅಕ್ಕ ನಲವತ್ತಾರಕ್ಕೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಈಗ ಅವಳಿಗೆ ಎಪ್ಪತ್ತಮೂರು, ತಂಗಿಗೆ ಎಪ್ಪತ್ತು. ಮೂರನೆಯ ಮಹಡಿಯ ಮನೆ, ಬಾಲ್ಕನಿಯಲ್ಲಿ ಒಂಬತ್ತು ಕುಂಡ, ಫ್ಯಾನು ಎಷ್ಟು ಜೋರಿರಬೇಕು ಎಂಬುದರ ಮೇಲೆ ದಿನಕ್ಕೆ ಎರಡು ಜಗಳ. ತಂಗಿ ತರಕಾರಿ ಅಂಗಡಿಗೆ ಹೋಗಿ "ಟೊಮ್ಯಾಟೊ ಗಟ್ಟಿ ಇರೋದು ಕೊಡಿ" ಎಂದರೆ ಅಂಗಡಿಯಾಕೆ ಈಗಲೂ ತಕ್ಕಡಿ ಬಿಟ್ಟು ತಲೆ ಎತ್ತುತ್ತಾಳೆ. "ನೀವು ಮಾತಾಡಿದ್ರೆ ಥೇಟ್ ಆ ಹಳೇ ಸಿನಿಮಾದವರ ಹಾಗೇ ಕೇಳುತ್ತೆ ಕಣಮ್ಮ." ತಂಗಿಗೆ ಒಳಗೊಳಗೇ ಖುಷಿ, ಅದರ ಹಿಂದೆಯೇ ಹೊಟ್ಟೆಯುರಿ. ಅವರ ಹಾಗಲ್ಲ, ಅವರೇ ನನ್ನ ಹಾಗೆ ಎನ್ನಬೇಕು ಎನಿಸುತ್ತದೆ. ಅನ್ನುವಂತಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ಅಕ್ಕನದು ಮುಖ, ನಟನೆ ನನ್ನದು.

ಹೀಗಿರುವಾಗ ಒಂದು ಬೆಳಿಗ್ಗೆ ನಿರ್ದೇಶಕಿ ಬಂದಳು. ನಿರ್ದೇಶಕಿ ಅಂದರೆ ಮೂವತ್ತರ ಹುಡುಗಿ, ಕತ್ತರಿಸಿದ ಕೂದಲು, ಬೆನ್ನಿಗೊಂದು ಚೀಲ. ಕುರ್ಚಿ ತೋರಿಸಿದರೂ ನೆಲದ ಮೇಲೇ ಕೂತಳು.

"ಪಾತ್ರ ದೊಡ್ಡದಲ್ಲ ಅಮ್ಮಾ" ಎಂದಳು ಅಕ್ಕನಿಗೆ. "ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡೋ ಅಂಗಡಿ ಇಟ್ಕೊಂಡಿರೋ ಒಬ್ಬ ಮುದುಕಿ. ನಲವತ್ತು ವರ್ಷದ ಹಿಂದೆ ಬಿಟ್ಟು ಹೋದ ಗಂಡ ವಾಪಸ್ ಬರ್ತಾನೆ. ಅವನ ಹತ್ತಿರ ನಾಲ್ಕು ಮಾತಾಡಿ ಕಳಿಸ್ತಾಳೆ. ಆ ಒಂದು ದೃಶ್ಯಕ್ಕೆ ನೀವೇ ಬೇಕು. ಇನ್ನೊಂದು ವಿಷಯ, ದನಿ ಆಮೇಲೆ ಕೂಡಿಸಲ್ಲ, ಅಲ್ಲೇ ಹಿಡೀತೀವಿ."

ಕಾಫಿ ತರುತ್ತಿದ್ದ ತಂಗಿ ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. "ಅದು ಆಗಲ್ಲಮ್ಮ" ಎಂದಳು ತಡಬಡಿಸಿ. "ಅಕ್ಕನಿಗೆ ಈಗ ಗಂಟಲು ಸರಿಯಿಲ್ಲ."

ಹೊರಗಿನವರ ಮುಂದೆ ತಲೆಯಾಡಿಸುವುದು ಬಿಟ್ಟು ಬೇರೇನೂ ಮಾಡದ ಅಕ್ಕ ಅವತ್ತು ಬಾಯಿ ತೆರೆದಳು. "ಗಂಟಲು ಹುಟ್ಟಿದಾಗಿಂದ ಹೀಗೇ ಇದೆ. ನಾನೇ ಮಾತಾಡ್ತೀನಿ."

ಹುಡುಗಿ ಬೆಚ್ಚಿಬೀಳಲಿಲ್ಲ. ಸುಮ್ಮನೆ ನಕ್ಕಳು. ಬೆಚ್ಚಿದ್ದು ತಂಗಿ. ಹುಡುಗಿಯನ್ನು ಕಳಿಸುವ ನೆಪದಲ್ಲಿ ಮೆಟ್ಟಿಲವರೆಗೆ ಹೋಗಿ ದನಿ ತಗ್ಗಿಸಿದಳು. "ನೋಡಮ್ಮ, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡ. ಸಿನಿಮಾದಲ್ಲಿ ಕೇಳೋ ದನಿ ಅವಳದಲ್ಲ."

"ಗೊತ್ತಮ್ಮಾ, ನಿಮ್ಮದು" ಎಂದಳು ಹುಡುಗಿ. "ಎಲ್ಲರಿಗೂ ಗೊತ್ತು. ನಮಗೆ ಪಾಠ ಮಾಡಿದ ಮೇಷ್ಟ್ರು ತರಗತಿಯಲ್ಲೇ ಹೇಳಿದ್ರು."

"ಎಲ್ಲರಿಗೂ ಅಂದ್ರೆ?"

"ಸಿನಿಮಾದವರಿಗೆಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ನಿಮ್ಮೆದುರು ಮಾತೆತ್ತಲ್ಲ ಅಷ್ಟೆ."

ಎಲ್ಲರಿಗೂ ಗೊತ್ತಂತೆ. ಗೊತ್ತಿದ್ದೂ ಒಬ್ಬನೇ ಒಬ್ಬ ಮಗರಾಯ ಬಂದು ಚೆನ್ನಾಗಿ ಮಾತಾಡಿದೆ ಕಣಮ್ಮ ಎಂದಿಲ್ಲ. ಹುಡುಗಿ ಅವಳ ಮುಖ ನೋಡಿ ಸಮಾಧಾನ ಹೇಳಿದಳು. "ಅಮ್ಮಾ, ಪ್ರಯತ್ನ ಮಾಡೋಣ. ಅಲ್ಲಿ ಸರಿ ಬರಲಿಲ್ಲ ಅಂದ್ರೆ ಹಳೇ ಹಾಗೇ ನೀವು ಕೂಡಿಸಿಕೊಡಿ. ಚಿತ್ರೀಕರಣಕ್ಕೆ ಹನ್ನೆರಡು ದಿನ ಇದೆ. ಅವರಿಗೆ ಮಾತು ಕಲಿಸೋದು ನಿಮ್ಮ ಕೈಯಲ್ಲಿದೆ."

ಒಳಗೆ ಬಂದಾಗ ಅಕ್ಕ ಸಂಭಾಷಣೆಯ ಹಾಳೆಯನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದಳು.

"ನಿನಗ್ಯಾಕೆ ಈ ವಯಸ್ಸಲ್ಲಿ ಇಲ್ಲದ ಉಸಾಬರಿ" ಎಂದಳು ತಂಗಿ. "ನಾನಿಲ್ವಾ ಮಾತಾಡೋಕೆ?"

"ಇದೀಯ. ನೀನು ಇರೋದಕ್ಕೇ ನಾನು ಒಂದು ಸಲಾನೂ ಮಾತಾಡಿಲ್ಲ. ಸಾಯೋ ಮುಂಚೆ ಒಂದೇ ಒಂದು ಸಿನಿಮಾದಲ್ಲಿ ನನ್ನ ಮಾತು ನಾನೇ ಆಡ್ಬೇಕು ಕಣೇ. ಕಲಿಸ್ತೀಯೋ ಇಲ್ವೋ?"

"ಕಲಿಸ್ತೀನಿ" ಎಂದಳು ತಂಗಿ. ಬೇರೇನು ಹೇಳುತ್ತಾಳೆ? ಆದರೆ ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ಕುಕ್ಕಿ ಕುಕ್ಕಿ ತೊಳೆದಳು. ಅಕ್ಕ ಮಾತಾಡಿಬಿಟ್ಟರೆ ನಾನು ಯಾರು? ಹೆಸರಿಲ್ಲ, ಮುಖವಿಲ್ಲ, ಒಂದು ದನಿ ಇತ್ತು, ಅದನ್ನೂ ಬೇಡ ಎಂದರೆ ನಾನು ಟೊಮ್ಯಾಟೊ ಕೊಳ್ಳುವ ಒಬ್ಬ ಮುದುಕಿ, ಅಷ್ಟೇ. ಈ ಯೋಚನೆ ಬಂದು ಅವಳಿಗೆ ನಿಜವಾಗಿಯೂ ಭಯವಾಯಿತು.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಅಕ್ಕನಿಗೆ ಮಾತು ಕಲಿಸುವ ದಾರಿ ಯಾವುದೆಂದು ತಂಗಿಗೆ ಮೊದಲ ದಿನವೇ ಗೊತ್ತಿತ್ತು. ಅಕ್ಕನ ನಟನೆ ಇರುವುದು ಎಣಿಕೆಯಲ್ಲಿ. ಮೊದಲು ಎಣಿಸಲು ಬಿಟ್ಟು, ಅದರ ಮೇಲೆ ಒಂದೊಂದೇ ಪದ ಕೂರಿಸುತ್ತಾ ಹೋದರೆ ಬಂದೇ ಬರುತ್ತದೆ. ಮೂವತ್ತು ವರ್ಷ ಕತ್ತಲೆ ಕೋಣೆಯಲ್ಲಿ ಅದನ್ನೇ ಮಾಡಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಅವಳು ಹಾಗೆ ಕಲಿಸಲಿಲ್ಲ. ಶಾಲೆಯ ಮೇಷ್ಟ್ರ ಹಾಗೆ ಎದುರು ಕೂರಿಸಿಕೊಂಡು, ನಾನು ಹೇಳ್ತೀನಿ ನೀನು ಹೇಳು ಎಂದು ಹನ್ನೆರಡು ದಿನ ಗಿಳಿಪಾಠ ಮಾಡಿಸಿದಳು. ಮೋಸ ಎಂದರೆ ಮೋಸವೇ, ಅದನ್ನೇನು ಸವರಿ ಹೇಳುವುದು.

ಚಿತ್ರೀಕರಣ ಒಂದು ಹಳೆಯ ಗೋದಾಮಿನಲ್ಲಿ. ಒಳಗೆ ಅಂಗಡಿ ಕಟ್ಟಿದ್ದರು, ಇಸ್ತ್ರಿ ಪೆಟ್ಟಿಗೆ, ಮಡಚಿಟ್ಟ ಬಟ್ಟೆಯ ಅಟ್ಟಿ, ಗೋಡೆಗೆ ಹೊಗೆಯ ಕಲೆ. ಗಂಡನ ಪಾತ್ರಕ್ಕೆ ಹಿಂದಿನ ಕಾಲದ ಖಳನಾಯಕರನ್ನು ಹಿಡಿದು ತಂದಿದ್ದರು. ಹದಿನಾರು ಸಿನಿಮಾದಲ್ಲಿ ಅಕ್ಕನನ್ನು ಅಪಹರಿಸಿದ್ದ ಮನುಷ್ಯ ಈಗ ಎರಡು ಟೇಕಿನ ನಡುವೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು.

ಆಡಬೇಕಾದ ಮಾತು ಇಷ್ಟೇ. "ಬಂದ್ಯಾ. ಕೂತ್ಕೋ. ಮೂರು ವರ್ಷ ಬಾಗಿಲಿಗೆ ಚಿಲಕ ಹಾಕಲಿಲ್ಲ ನಾನು. ಆಮೇಲೆ ಚಳಿ ಜಾಸ್ತಿ ಆಯ್ತು, ಹಾಕ್ಕೊಂಡೆ. ಕೋಪ ಏನಿಲ್ಲ. ಕಾಫಿ ಕುಡಿದು ಹೊರಡು. ಅಂಗಡಿ ತೆಗೆಯೋ ಹೊತ್ತಾಯ್ತು."

ಮೊದಲ ದಿನ ಅಕ್ಕ ಇದನ್ನು ಒಂದಕ್ಷರ ತಪ್ಪದೆ ಹೇಳಿದಳು. ಮುಖ ಮಾತ್ರ ಬಾಡಿಗೆಗೆ ಕೊಟ್ಟ ಮನೆಯ ಹಾಗೆ ಖಾಲಿ. ನಿರ್ದೇಶಕಿ ಪ್ರೀತಿಯಿಂದ ತಿದ್ದಿದಳು, ಕಾಯ್ದಳು, ಮತ್ತೆ ಮಾಡಿಸಿದಳು. ಎರಡನೆಯ ದಿನ ಹನ್ನೊಂದನೆಯ ಟೇಕಿನಲ್ಲಿ ಅಕ್ಕ "ಬಂದ್ಯಾ. ಕೂತ್ಕೋ. ಮೂರು" ಎಂದಳು, ನಾಲಿಗೆ ಹಳೆಯ ಹಾದಿ ಹಿಡಿಯಿತು. "ನಾಲ್ಕು. ಐದು. ಆರು."

ಆರಕ್ಕೆ ಅವಳ ಮುಖ ಬದಲಾಯಿತು. ಎಂಟಕ್ಕೆ ಉಸಿರು ಒಳಗೆ ಎಳೆದುಕೊಂಡಳು, ಹನ್ನೊಂದಕ್ಕೆ ಸಣ್ಣಗೆ ನಕ್ಕಳು, ಹದಿನಾಲ್ಕಕ್ಕೆ ಮುಗಿಸಿದಳು. ಗೊರಕೆಯ ಖಳನಾಯಕರು ಕಣ್ಣು ಬಿಟ್ಟುಕೊಂಡು ಕೂತಿದ್ದರು. ಅಲ್ಲ, ಇಷ್ಟು ಚೆನ್ನಾಗಿ ಎಣಿಸುವವರನ್ನು ಯಾರು ತಾನೇ ನೋಡಿದ್ದಾರೆ?

ಅಕ್ಕನೇ ಮೊದಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಎಣಿಸಿಬಿಟ್ನಾ?" ಎಂದು ಕೇಳಿದಳು. ಯಾರೋ ನಕ್ಕರು, ಅವಳೂ ನಕ್ಕಳು, ಆದರೆ ನಗುವಾಗ ತಂಗಿಯ ಕಡೆ ನೋಡಲಿಲ್ಲ.

ನಿರ್ದೇಶಕಿ ಮೂರು ಎಂಬುದನ್ನೇ ತೆಗೆದು "ಎಷ್ಟೋ ವರ್ಷ" ಎಂದು ಮಾಡಿ ನೋಡಿದಳು. ಮತ್ತೆ ಖಾಲಿ ಮುಖ. ಊಟದ ಬಿಡುವು ಕೊಟ್ಟು ತಂಗಿಯ ಪಕ್ಕ ಬಂದು ಕೂತಳು. "ಸಾಕಮ್ಮಾ, ಅವರನ್ನ ಇನ್ನು ಗೋಳು ಹೊಯ್ಕೊಳ್ಳಲ್ಲ. ಮಧ್ಯಾಹ್ನ ಎಣಿಸೋಕೇ ಹೇಳ್ತೀನಿ. ದನಿ ನೀವು ಕೂಡಿಸಿಕೊಡಿ."

ಗೆದ್ದಾಯಿತು. ತಂಗಿ ಬಯಸಿದ್ದು ಇದೇ, ಇದಕ್ಕಾಗಿಯೇ ಹನ್ನೆರಡು ದಿನ ಆಟ ಹೂಡಿದ್ದು. ಈಗ ಎದ್ದು ಕುಣಿಯಬೇಕಿತ್ತು. ಆದರೆ ಅವಳು ತಟ್ಟೆಯನ್ನು ಅರ್ಧಕ್ಕೇ ಸರಿಸಿದಳು. ಕೈತೊಳೆದು ಮೇಕಪ್ ಕೋಣೆಗೆ ಹೋದಳು.

ಅಕ್ಕ ಕನ್ನಡಿಯ ಮುಂದೆ ಕೂತು ಹತ್ತಿಯಲ್ಲಿ ಕತ್ತಿನ ಪೌಡರ್ ಒರೆಸಿಕೊಳ್ಳುತ್ತಿದ್ದಳು. ಅತ್ತಿರಲಿಲ್ಲ. ಕ್ಯಾಮೆರಾ ಇಲ್ಲದೆ ಸುಮ್ಮಸುಮ್ಮನೆ ಅಳುವ ಜಾಯಮಾನ ಅವಳದಲ್ಲ.

"ಹೋಗ್ಲಿ ಬಿಡು" ಎಂದಳು ಕನ್ನಡಿಯಲ್ಲೇ ತಂಗಿಯನ್ನು ನೋಡಿ. "ನಿನ್ನ ದನೀನೇ ಚೆಂದ. ಜನಕ್ಕೂ ಅದೇ ಅಭ್ಯಾಸ. ನನಗೇನೋ ಒಂದು ಹುಚ್ಚು, ಅಷ್ಟೆ."

ತಂಗಿ ಬಾಗಿಲು ಹಾಕಿದಳು. "ಅಕ್ಕಾ, ನಾನು ನಿನಗೆ ಸರಿಯಾಗಿ ಕಲಿಸಲಿಲ್ಲ. ಹೇಗೆ ಕಲಿಸಬೇಕು ಅಂತ ಮೊದಲ ದಿನವೇ ಗೊತ್ತಿತ್ತು ನನಗೆ."

"ಗೊತ್ತು."

"ಏನು ಗೊತ್ತು?"

"ನಿನಗೆ ಗೊತ್ತಿತ್ತು ಅಂತ ಗೊತ್ತು. ಎಪ್ಪತ್ತು ವರ್ಷದಿಂದ ನೋಡ್ತಿದೀನಿ ನಿನ್ನ. ಎಣಿಕೆ ಬಿಟ್ಟು ಮಾತು ಹಿಡಿಸಿದಾಗಲೇ ಅಂದ್ಕೊಂಡೆ, ಇವಳಿಗೆ ಇಷ್ಟ ಇಲ್ಲ ಅಂತ."

"ಮತ್ತೆ ಯಾಕೆ ಸುಮ್ಮನಿದ್ದೆ? ಕಪಾಳಕ್ಕೆ ಒಂದು ಬಾರಿಸಿ ಕೇಳಬಾರದಿತ್ತಾ?"

"ಹೇಗೆ ಕೇಳಲೇ?" ಅಕ್ಕ ಹತ್ತಿಯನ್ನು ಮಡಚಿ ಮೇಜಿನ ಮೇಲಿಟ್ಟಳು. "ಮಾತು ನಿಂದು. ಹದಿನಾಲ್ಕನೇ ವಯಸ್ಸಿಂದ ನನ್ನ ಪಾಲಿನದೆಲ್ಲ ನೀನೇ ಆಡಿದೀಯ. ಕೊಡೋದು ಬಿಡೋದು ನಿನ್ನಿಷ್ಟ. ಕಿತ್ಕೊಳ್ಳೋಕಾಗುತ್ತಾ?"

ತಂಗಿಗೆ ನಾಚಿಕೆಯಾಗಿತ್ತು, ಅಕ್ಕನ ಮೇಲೆ ಸಿಟ್ಟೂ ಬಂದಿತ್ತು, ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಅಕ್ಕನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ಎಣಿಸು" ಎಂದಳು.

"ಏನೇ ಈಗ?"

"ಎಣಿಸು ಅಂದೆ. ಬಿಡುವು ಇನ್ನು ಅರ್ಧ ಗಂಟೆ ಇದೆ."

ಅಕ್ಕ ಎಣಿಸಿದಳು. ತಂಗಿ ಕಣ್ಣುಮುಚ್ಚಿ ಕೇಳಿದಳು. ಮುಗಿದ ಮೇಲೆ ಬೆರಳು ಮಡಚುತ್ತಾ ಹೇಳಿದಳು. "ಎಂಟಕ್ಕೆ ನೀನು ಉಸಿರು ಎಳ್ಕೋತೀಯ. ಅದು ಚಳಿ. ಎಲ್ಲ ಎಣಿಸು, ಎಂಟು ಬಂದಾಗ ಮಾತ್ರ ಚಳಿ ಅನ್ನು."

"ಆರು, ಏಳು, ಚಳಿ, ಒಂಬತ್ತು."

"ಹಾಗೇ. ಹನ್ನೊಂದಕ್ಕೆ ಸಣ್ಣಗೆ ನಗ್ತೀಯ, ನಿನಗೇ ಗೊತ್ತಿಲ್ಲ ಅದು. ಎಷ್ಟೋ ಸಿನಿಮಾದಲ್ಲಿ ಆ ಹನ್ನೊಂದಕ್ಕೆ ಏನು ಹಾಕೋದು ಅಂತ ತಲೆ ಚಚ್ಕೊಂಡಿದೀನಿ. ಅಲ್ಲಿ 'ಕೋಪ ಏನಿಲ್ಲ' ಹಾಕು."

ಹೀಗೆ ಒಂದೊಂದೇ ಎಣಿಕೆ ತೆಗೆದು ಒಂದೊಂದೇ ಪದ ಇಟ್ಟರು. ಹತ್ತಕ್ಕೆ ಹಾಕ್ಕೊಂಡೆ, ಹದಿಮೂರಕ್ಕೆ ಹೊರಡು. ಅಕ್ಕ ಎರಡು ಸಲ ಎಡವಿದಳು, ತಂಗಿ ಎರಡು ಸಲ ಗದರಿದಳು. ಕೊನೆಗೆ ಎಣಿಕೆಯಲ್ಲಿ ಉಳಿದಿದ್ದು ಮೂರೊಂದೇ.

"ಇದಕ್ಕೇನೇ ಹಾಕೋದು?" ಎಂದು ಕೇಳಿದಳು ಅಕ್ಕ.

"ಏನೂ ಹಾಕ್ಬೇಡ. ಮೂರು ಹಾಗೇ ಇರಲಿ. ಹಾಳೇಲಿ ಮೂರು ವರ್ಷ ಅಂತಾನೇ ತಾನೇ ಇರೋದು."

ಅಕ್ಕ ಹೋ ಎಂದು ನಕ್ಕಳು. ಮೇಕಪ್ಪಿನವರು ಗಾಬರಿಯಾಗಿ ಬಾಗಿಲು ತಟ್ಟಿ ಏನಾಯ್ತು ಎಂದು ವಿಚಾರಿಸಿದರು.

ತಂಗಿ ನಿರ್ದೇಶಕಿಯ ಹತ್ತಿರ ಹೋಗಿ ಇನ್ನೊಂದೇ ಒಂದು ಟೇಕು ಮಾತಿನ ಜೊತೆ ತೆಗೆಯಮ್ಮ ಎಂದಳು. ಹುಡುಗಿ ಅವಳನ್ನೇ ಒಂದು ಗಳಿಗೆ ನೋಡಿ, ಸೌಂಡಿನವನ ಹತ್ತಿರವಿದ್ದ ಎರಡನೆಯ ಹೆಡ್‌ಫೋನ್ ತೆಗೆದು ಅವಳ ಕೈಗಿತ್ತಳು. "ಹಾಗಾದ್ರೆ ನೀವು ಕೇಳಿ ಹೇಳಿ. ದನಿ ವಿಷಯದಲ್ಲಿ ನನಗಿಂತ ನಿಮ್ಮ ಕಿವಿ ದೊಡ್ಡದು. ನೀವು ಸರಿ ಅಂದ್ರೆ ಇದೇ ಇಟ್ಕೋತೀನಿ. ಸರಿ ಇಲ್ಲ ಅಂದ್ರೆ ನೀವೇ ಮಾತಾಡ್ತೀರಿ. ನಿಮ್ಮ ಮಾತೇ ಕೊನೆ."

ಅಂದರೆ ಇಷ್ಟೆಲ್ಲ ಮಾಡಿಯೂ ಬೇಕಾದರೆ ತಂಗಿ ಈಗಲೂ ತಲೆಯಾಡಿಸಿ ಎಲ್ಲವನ್ನೂ ವಾಪಸ್ಸು ಪಡೆಯಬಹುದಿತ್ತು. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ.

ಬೆಳಕು ಬಿತ್ತು. ಹೆಡ್‌ಫೋನಿನ ಒಳಗೆ ಗೋದಾಮಿನ ಗದ್ದಲವೆಲ್ಲ ನಿಂತುಹೋಗಿ, ಅಕ್ಕ ಬಟ್ಟೆ ಮಡಚುವ ಸದ್ದು ಕಿವಿಯ ಪಕ್ಕದಲ್ಲೇ ಕೇಳಿತು.

"ಬಂದ್ಯಾ. ಕೂತ್ಕೋ."

ತಂಗಿಯ ಕಸುಬಿನ ಕಿವಿ ತಪ್ಪು ಹುಡುಕುತ್ತಲೇ ಇತ್ತು, ಅದು ಅದರ ಅಭ್ಯಾಸ. ಚಿಲಕ ಎಂಬಲ್ಲಿ ದನಿ ಸೀಳಿತು. ಆಮೇಲೆ ಎಂಬುದರ ಮುಂಚೆ ಉಸಿರು ಬೇಗ ಬಿಟ್ಟಳು. ನಾನಾಗಿದ್ದರೆ ಇಲ್ಲಿ ಇಳಿಸುತ್ತಿದ್ದೆ, ಇಲ್ಲಿ ಎಳೆಯುತ್ತಿದ್ದೆ, ಎಂದುಕೊಳ್ಳುತ್ತಿರುವಾಗಲೇ ಅಕ್ಕ "ಚಳಿ ಜಾಸ್ತಿ ಆಯ್ತು, ಹಾಕ್ಕೊಂಡೆ" ಎಂದಳು.

ದಿನಾ ಕೇಳುವ ದನಿ. ಫ್ಯಾನು ಕಡಿಮೆ ಮಾಡು, ಕುಂಡಕ್ಕೆ ನೀರು ಹಾಕಿದ್ಯಾ, ಸೊಪ್ಪಿಗೆ ಉಪ್ಪು ಜಾಸ್ತಿ ಎನ್ನುವ ಅದೇ ಒಡಕು ದನಿ. ಆ ಸೀಳಿನೊಳಗೆ ಒಬ್ಬ ಹೆಂಗಸು ಮೂರು ವರ್ಷ ಬಾಗಿಲು ನೋಡುತ್ತಾ ಕೂತಿದ್ದಳು. ತಂಗಿ ಈ ಸಾಲುಗಳನ್ನು ಹನ್ನೆರಡು ದಿನ ಚೆಂದವಾಗಿ ಹೇಳಿಕೊಟ್ಟಿದ್ದಳು, ಆದರೆ ಆ ಹೆಂಗಸು ಅವಳಿಗೆ ಒಂದು ದಿನವೂ ಕಂಡಿರಲಿಲ್ಲ. ಇಷ್ಟು ವರ್ಷ ಕತ್ತಲೆ ಕೋಣೆಯಲ್ಲಿ ತಾನು ತುಟಿ ನೋಡಿದ್ದೆ, ಮುಖ ನೋಡಿರಲಿಲ್ಲ, ಎಂದು ಅವಳಿಗೆ ಆಗ ಅರಿವಾಯಿತು. ಅಕ್ಕ ನಟಿ. ಮೊದಲಿನಿಂದ ಕೊನೆಯವರೆಗೆ, ತನ್ನ ದನಿ ಇದ್ದಾಗಲೂ ಇಲ್ಲದಾಗಲೂ, ಅವಳು ನಟಿಯೇ. ಹಾಗೆಂದುಕೊಂಡಾಗ ತಂಗಿಗೆ ಹೊಟ್ಟೆಯುರಿ ಬರಬೇಕಿತ್ತು. ಬಂದದ್ದು ಹೆಮ್ಮೆ, ತಡೆಯಲಾರದಷ್ಟು ಹೆಮ್ಮೆ.

"ಅಂಗಡಿ ತೆಗೆಯೋ ಹೊತ್ತಾಯ್ತು" ಎಂದು ಅಕ್ಕ ಮುಗಿಸಿದಳು. ಖಳನಾಯಕರು ಪಾತ್ರದಲ್ಲಿ ಇಲ್ಲದ ಕಣ್ಣೀರು ಒರೆಸಿಕೊಂಡರು. ನಿರ್ದೇಶಕಿ ತಂಗಿಯ ಕಡೆ ತಿರುಗಿದಳು, ಎಲ್ಲರೂ ತಿರುಗಿದರು. ಅಕ್ಕ ಮಡಚಿದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನಿಂತಿದ್ದಳು.

"ಇನ್ನೊಂದು ಸಲ" ಎಂದಳು ತಂಗಿ.

ಅಕ್ಕನ ಮುಖ ಇಳಿಯಿತು. ನಿರ್ದೇಶಕಿ ಹುಬ್ಬು ಗಂಟಿಕ್ಕಿ ಹತ್ತಿರ ಬಂದಳು. "ಯಾಕಮ್ಮಾ, ಎಲ್ಲಿ ತಪ್ಪಾಯ್ತು?"

"ತಪ್ಪಾ? ತಪ್ಪೇನಿಲ್ಲ. ನಿನ್ನ ಸಿನಿಮಾಕ್ಕೆ ಇದೇ ಇಟ್ಕೋ, ಯಾರೂ ಮುಟ್ಟಬಾರದು ಇದನ್ನ, ನಾನಂತೂ ಮುಟ್ಟಲ್ಲ." ಅಷ್ಟು ಹೇಳುವಷ್ಟರಲ್ಲಿ ಇಡೀ ನಾಡಿಗೆ ಗೊತ್ತಿದ್ದ ಆ ದನಿ ಮುರಿದುಹೋಯಿತು. "ನಲವತ್ತೊಂದು ಸಿನಿಮಾದಲ್ಲಿ ನಾನೇ ಮಾತಾಡ್ತಿದ್ದೆ ಕಣಮ್ಮ, ಅವಳನ್ನ ಕೇಳೋಕೆ ಒಂದು ಸಲಾನೂ ಆಗಲಿಲ್ಲ. ಇನ್ನೊಂದು ಸಲ ಹೇಳಿಸು, ನನಗೋಸ್ಕರ."

ಅಕ್ಕ ಮೂಗು ಎಳೆದುಕೊಂಡಳು, ಬಟ್ಟೆಯನ್ನು ಕೊಡವಿ ಬಿಚ್ಚಿದಳು.

"ಅದಕ್ಯಾಕೆ ಅಳ್ತೀಯೇ ಪೆದ್ದಿ" ಎಂದಳು. "ಕೂತ್ಕೊಂಡು ಕೇಳು." ಹಾಗೆಂದು ತನ್ನ ಜಾಗಕ್ಕೆ ಹೋಗಿ ನಿಂತಳು.